ಕೈತೋಟವಲ್ಲ, ಕೈತೋಟಾ

ಹೋದ ತಿಂಗಳ ಅಂಕಣದ ಕೊನೆಗೆ ಒಂದು ಸಾಲು ಬರೆದಿದ್ದೆ: ‘ಮುಂದಿನ ಸಲ ಕೈತೋಟಾ ಬಗ್ಗೆ ಮಾತಾಡೋಣ.’ ಅಚ್ಚಾಗುವಾಗ ಆ ಕೊನೆಯ ದೀರ್ಘ ಬಿದ್ದುಹೋಗಿ ‘ಕೈತೋಟ’ ಆಯಿತು. ಈ ತಿಂಗಳು ಬಂದ ಪತ್ರಗಳಲ್ಲಿ ಮೂರು ಬದನೆಯ ಹುಳದ ಮೇಲೆ, ಒಂದು ತಾರಸಿಯ ಮೆಂತ್ಯದ ಮೇಲೆ. ಅವನ್ನೆಲ್ಲ ನಮ್ಮ ಮನೆಯಾಕೆಯ ಕೈಗೆ ಕೊಟ್ಟಿದ್ದೇನೆ. ನಾನು ಹೇಳಿದ್ದು ಬಂದೂಕಿನ ತೋಟಾ. ಹಳಬರು ಕಾಡತೂಸು ಅಂತಾರಲ್ಲ, ಅದು. ಮನೆಯಲ್ಲೇ ಕೈಯಾರೆ ಕಟ್ಟಿದ ತೋಟಾ ಒಳ್ಳೆಯದೋ, ಕಾರ್ಖಾನೆಯದು ಒಳ್ಳೆಯದೋ ಎಂದು ಕೇಳುವವರು ಎರಡು ವರ್ಷದಿಂದ ಜಾಸ್ತಿ ಆಗಿದ್ದಾರೆ. ಎಲ್ಲರ ಪತ್ರದಲ್ಲೂ ಯೂಟ್ಯೂಬಿನ ವಾಸನೆ ಇದೆ.

ಹೊಸ ಓದುಗರಿಗೆ: ನಾನು 24 ವರ್ಷ ಸೈನ್ಯದಲ್ಲಿ ಆರ್ಮರರ್ ಆಗಿದ್ದವನು. ಅಂದರೆ ಬಂದೂಕು ಹಾರಿಸುವವನಲ್ಲ, ರಿಪೇರಿ ಮಾಡುವವನು. ಹುಟ್ಟಿದ್ದು ಬೈಲಹೊಂಗಲ ತಾಲೂಕಿನ ಹಳ್ಳಿ. ಈಗ ಬೆಳಗಾವಿಯ ಗಣೇಶಪುರದಲ್ಲಿ ಮನೆ. ಸಂಜೆ ಹುಡುಗರಿಗೆ ಏರ್ ರೈಫಲ್ ಹಿಡಿಯೋದು ಕಲಿಸುತ್ತೇನೆ.

ಪ್ರಶ್ನೆ: ಕಾಕಾ, ಅಪ್ಪನ ಹೆಸರಿನಲ್ಲಿ .315 ರೈಫಲ್ ಇದೆ. ಬೆಳೆ ಕಾಯಲೆಂದು ಅಜ್ಜನ ಕಾಲದಿಂದ ಬಂದ ಲೈಸೆನ್ಸು. ತೋಟಾದ ರೇಟು ಕೇಳಿದರೆ ತಲೆ ತಿರುಗುತ್ತದೆ. ಹಾರಿಸಿದ ಹಿತ್ತಾಳೆ ಕೊಳವೆಗಳು ಒಂದು ಡಬ್ಬಿ ತುಂಬ ಇವೆ. ಅಮೆರಿಕದವರು ಅದೇ ಕೊಳವೆಗೆ ಮತ್ತೆ ಮದ್ದು ತುಂಬಿ ತೋಟಾ ಕಟ್ಟುತ್ತಾರೆ. ನಾನು ಮೆಕ್ಯಾನಿಕಲ್ ಓದಿದ್ದೇನೆ, ವರ್ಕ್‌ಶಾಪಿನಲ್ಲಿ ಲೇತ್ ಇದೆ. ನಾನ್ಯಾಕೆ ಕಟ್ಟಬಾರದು?
(ಹೆಸರು ಬೇಡ, ಮುಧೋಳ ತಾಲೂಕು)

ಉತ್ತರ: ತಮ್ಮಾ, ಮೊದಲು ಜೈಲಿನ ಮಾತು ಮುಗಿಸೋಣ. ನಿಮ್ಮಪ್ಪನ ಲೈಸೆನ್ಸು ರೈಫಲ್ಲು ಮತ್ತು ತೋಟಾ ಇಟ್ಟುಕೊಳ್ಳಲು ಇರುವುದು. ತೋಟಾ ತಯಾರಿಸಲು ಅಲ್ಲ. ತಯಾರಿಕೆಗೆ 1959ರ ಆಯುಧ ಕಾಯ್ದೆಯ 5ನೇ ಸೆಕ್ಷನ್ನಿನಲ್ಲಿ ಬೇರೆಯೇ ಲೈಸೆನ್ಸು ಬೇಕು. ಅದಿಲ್ಲದೆ ಮಾಡಿದರೆ 25ನೇ ಸೆಕ್ಷನ್ನು. 2019ರ ತಿದ್ದುಪಡಿಯ ನಂತರ ಅದರಲ್ಲಿ ಕಡಿಮೆ ಅಂದರೆ 7 ವರ್ಷ, ಜಾಸ್ತಿ ಅಂದರೆ ಜೀವಾವಧಿ. ಇನ್ನೊಂದು ಮಾತು ಯಾರೂ ಓದಿರುವುದಿಲ್ಲ. ‘ತೋಟಾ’ ಅಂದರೇನು ಎಂದು ಕಾಯ್ದೆ ಹೇಳುವಲ್ಲಿ ತೋಟಾದ ಬಿಡಿಭಾಗಗಳೂ ಬರುತ್ತವೆ, ತೋಟಾ ಮಾಡುವ ಯಂತ್ರವೂ ಬರುತ್ತದೆ. ನೀವು ಲೇತಿನಲ್ಲಿ ಅಚ್ಚು ಕಡೆದು ಮುಗಿಸಿದ ದಿನವೇ, ಒಂದು ಚಿಟಿಕೆ ಮದ್ದು ಮನೆಗೆ ಬರುವ ಮೊದಲೇ, ಕಾಯ್ದೆಯ ಕಣ್ಣಿನಲ್ಲಿ ಕೆಲಸ ಶುರುವಾಗಿರುತ್ತದೆ. ಹೊಗೆ ಬಾರದ ಆ ರೈಫಲ್ ಮದ್ದು ನಮ್ಮಲ್ಲಿ ಅಂಗಡಿಯಲ್ಲಿ ಸಿಗುವ ಮಾಲೂ ಅಲ್ಲ. ಹಾಗಾದರೆ ಎಲ್ಲಿಂದ ತರುತ್ತೀರಿ? ಅದಕ್ಕೆ ಉತ್ತರವಾಗಿ ಏನೇ ಹೇಳಿದರೂ ಅದು ಇನ್ನೊಂದು ಕೇಸು.

ಇಷ್ಟಕ್ಕೇ ನಿಲ್ಲಿಸಬಹುದಿತ್ತು. ಆದರೆ ಮೆಕ್ಯಾನಿಕಲ್ ಓದಿದವರಿಗೆ ‘ಕಾಯ್ದೆ ಬಿಡಲ್ಲ’ ಅಂದರೆ ಸಮಾಧಾನ ಆಗುವುದಿಲ್ಲ ಅನ್ನೋದು ನನಗೆ ಗೊತ್ತು. ನನ್ನ ಅಳಿಯನೂ ಅದೇ ಓದಿದವನು.

ಅಳಿಯ ಅಮೆರಿಕದಲ್ಲಿದ್ದಾನೆ. ಅಲ್ಲಿಗೆ ಹೋದಾಗ ಅವನ ಪಕ್ಕದ ಮನೆಯ ಮುದುಕ ನನ್ನನ್ನು ತನ್ನ ಗ್ಯಾರೇಜಿಗೆ ಕರೆದೊಯ್ದ. ನಿವೃತ್ತ ಬಡಗಿ. ಬೆಂಚಿನ ಮೇಲೆ ಒಂದು ಕೈ ಪ್ರೆಸ್ಸು, ನಮ್ಮ ಶಾವಿಗೆ ಒತ್ತುವ ಮಣೆಯ ಅಣ್ಣನ ಹಾಗೆ. ಪಕ್ಕದಲ್ಲಿ ಒಂದು ತಕ್ಕಡಿ. ಹಾರಿಸಿದ ಕೊಳವೆಯ ಬುಡದಿಂದ ಹಳೆಯ ಕೇಪು (ಪಿನ್ನು ಬಡಿದಾಗ ಕಿಡಿ ಕೊಟ್ಟು ಮದ್ದು ಹೊತ್ತಿಸುವ ಪುಟ್ಟ ಬಟ್ಟಲು) ತೆಗೆದ, ಊದಿಕೊಂಡ ಕೊಳವೆಯನ್ನು ಅಚ್ಚಿಗೆ ಹಾಕಿ ಮತ್ತೆ ಅಳತೆಗೆ ತಂದ, ಹೊಸ ಕೇಪು ಕೂರಿಸಿದ, ಮದ್ದು ತೂಗಿ ಹಾಕಿದ, ಮೇಲೆ ಗುಂಡು ಕೂರಿಸಿದ. ಹೇಳಲು ಇಷ್ಟೇ. ಆದರೆ ಆ ಮನುಷ್ಯ ಆ ಹೊತ್ತು ರೇಡಿಯೊ ಹಚ್ಚಲಿಲ್ಲ, ಫೋನು ಎತ್ತಲಿಲ್ಲ. ನನ್ನ ಜೊತೆಗೂ ಮಾತಾಡಲಿಲ್ಲ! 20 ತೋಟಾ ಕಟ್ಟಲು ಒಂದೂವರೆ ತಾಸು. ಪ್ರತಿಯೊಂದರ ಲೆಕ್ಕ ಬರೆಯಲು ಒಂದು ನೋಟ್‌ಬುಕ್ಕು. ಅದರಲ್ಲಿ 30 ವರ್ಷದ ಲೆಕ್ಕ ಇತ್ತು.

ಅವರು ಮದ್ದು ತೂಗುವುದು ಗ್ರೇನ್ ಲೆಕ್ಕದಲ್ಲಿ. ಒಂದು ಗ್ರಾಂಗೆ ಹದಿನೈದೂವರೆ ಗ್ರೇನ್ ಹತ್ತಿರ ಹತ್ತಿರ. ನಮ್ಮ ಅಕ್ಕಸಾಲಿಗರ ಗುಲಗಂಜಿ ಗೊತ್ತಲ್ಲ, ಒಂದು ಗುಲಗಂಜಿಯ ತೂಕ ಸುಮಾರು ಎರಡು ಗ್ರೇನ್. ಮುದುಕ ತೂಗುತ್ತಿದ್ದದ್ದು ಗ್ರೇನಿನ ಹತ್ತನೇ ಒಂದು ಪಾಲಿನವರೆಗೆ. ಒಂದು ಗುಲಗಂಜಿಯನ್ನು ಇಪ್ಪತ್ತು ಚೂರು ಮಾಡಿ ಒಂದು ಚೂರನ್ನು ತೂಗಿದ ಹಾಗೆ ಆಯಿತು. ಕಾರಿನ ಟೈರಿಗೆ 32 ಪೌಂಡ್ ಗಾಳಿ ಹೊಡೆಸುತ್ತೀರಿ. ಈಗಿನ ಬೇಟೆ ರೈಫಲ್ಲುಗಳಲ್ಲಿ ಅದೇ ಅಳತೆಯ ಒತ್ತಡ 50,000 ಪೌಂಡಿನ ಆಸುಪಾಸು ಹೋಗುತ್ತದೆ. ಅದು ನಿಮ್ಮ ಕೆನ್ನೆಯಿಂದ ನಾಲ್ಕು ಬೆರಳು ದೂರದಲ್ಲಿ.

ನೀವು ಮುಧೋಳದವರು, ಕಬ್ಬಿನ ನಾಡು. ಒಂದು ಉದಾಹರಣೆ ನಿಮಗೆ ಬೇಗ ಹತ್ತುತ್ತದೆ. ಗಾಣದ ಒಲೆಗೆ ರವದಿ (ಕಬ್ಬಿನ ಒಣ ಎಲೆ) ಹಾಕಿದರೆ ಭಗ್ ಅಂತ ಉರಿದು ಮುಗಿಯುತ್ತದೆ. ಜಾಲಿ ಬೊಡ್ಡೆ ಹಾಕಿದರೆ ನಿಧಾನ ಉರಿಯುತ್ತದೆ. ಮದ್ದಿನಲ್ಲೂ ಹೀಗೇ ಜಾತಿ ಇವೆ. ಪಿಸ್ತೂಲಿನ ಮದ್ದು ರವದಿ, ದೊಡ್ಡ ರೈಫಲ್ಲಿನದು ಬೊಡ್ಡೆ. ನೋಡಲು ಎರಡೂ ಕಪ್ಪು ಕಾಳು. ಒಂದರ ಜಾಗಕ್ಕೆ ಇನ್ನೊಂದನ್ನು ಅಷ್ಟೇ ತೂಕ ಹಾಕಿದರೆ ನಳಿಗೆಯೇ ಬಿಚ್ಚಿಕೊಳ್ಳಬಹುದು. ಗೊತ್ತಿಲ್ಲದ ಮೂಲದ ಮದ್ದು ತಂದವನಿಗೆ ಅದು ಯಾವ ಜಾತಿ ಎಂದು ಹೇಳುವವರು ಯಾರು?

ಹಿತ್ತಾಳೆಯೂ ಹಾಗೇ. ತಂತಿಯನ್ನು ಅತ್ತಿತ್ತ ಬಗ್ಗಿಸಿದರೆ ಬಿರುಸಾಗಿ ಕೊನೆಗೆ ಮುರಿಯುತ್ತದಲ್ಲ, ಕೊಳವೆಯ ಕುತ್ತಿಗೆಯೂ ಪ್ರತಿ ಸಲ ಊದಿ, ಪ್ರತಿ ಸಲ ಒತ್ತಿಸಿಕೊಂಡು ಬಿರುಸಾಗಿ ಸೀಳುತ್ತದೆ. ಕೇಪು ಕೂರುವ ಬುಡದಲ್ಲೂ ಎರಡು ಪದ್ಧತಿ ಇವೆ, ಎರಡೂ 1866ರವು. ಬಾಕ್ಸರ್ ಪದ್ಧತಿಯಲ್ಲಿ ನಡುವೆ ಒಂದೇ ತೂತು, ಹಳೆಯ ಕೇಪನ್ನು ಸೂಜಿಯಿಂದ ನೂಕಿದರೆ ಬೀಳುತ್ತದೆ. ಬರ್ಡನ್ ಪದ್ಧತಿಯಲ್ಲಿ ಪಕ್ಕಕ್ಕೆ ಎರಡು ಸಣ್ಣ ತೂತು, ಸೂಜಿ ಹೋಗುವುದಿಲ್ಲ. ತಮಾಷೆ ನೋಡಿ, ಬಾಕ್ಸರ್ ಇಂಗ್ಲೆಂಡಿನವ, ಅವನ ಪದ್ಧತಿ ಹಿಡಿದದ್ದು ಅಮೆರಿಕ. ಬರ್ಡನ್ ಅಮೆರಿಕದವ, ಅವನದ್ದು ಹಿಡಿದದ್ದು ಯುರೋಪು. ನೀವು ನೋಡುವ ವಿಡಿಯೊಗಳೆಲ್ಲ ಒಂದು ತೂತಿನವು.

ಇನ್ನು ನನ್ನ ಮನೆಯ ಕತೆ. ನಮ್ಮ ಚಿಕ್ಕಜ್ಜ ಹನ್ನೆರಡು ಬೋರಿನ ಹಳೆಯ ಕಾಗದದ ತೋಟಾಗಳಿಗೆ ಮತ್ತೆ ಮದ್ದು ತುಂಬುತ್ತಿದ್ದ. ಅವನ ಅಳತೆ ಒಂದು ಸುಣ್ಣದ ಡಬ್ಬಿಯ ಮುಚ್ಚಳ. ಹತ್ತು ವರ್ಷ ಏನೂ ಆಗಲಿಲ್ಲ. ಊರೆಲ್ಲ ಅವನ ಕೈಗುಣ ಹೊಗಳಿತು. ಹನ್ನೊಂದನೇ ವರ್ಷದ ಒಂದು ಸಂಜೆ, ಜೋಳದ ಹೊಲದಲ್ಲಿ, ನಳಿಗೆ ಬಿಚ್ಚಿ ಎಡಗೈಯ ಹೆಬ್ಬೆರಳು ಮತ್ತು ಪಕ್ಕದ ಬೆರಳು ಹೋದವು. ಎರಡು ಮುಚ್ಚಳ ಬಿದ್ದಿತ್ತೋ, ಮದ್ದು ಬೇರೆ ಇತ್ತೋ, ಇವತ್ತಿಗೂ ಯಾರಿಗೂ ಗೊತ್ತಿಲ್ಲ. ನೋಟ್‌ಬುಕ್ಕು ಇರಲಿಲ್ಲವಲ್ಲ. ನನ್ನ ಮದುವೆಯಲ್ಲಿ ಅವನು ಅಕ್ಷತೆ ಹಾಕಿದ್ದು ಮೂರು ಬೆರಳಿನ ಕೈಯಿಂದ.

ಹಣದ ಲೆಕ್ಕಕ್ಕೆ ಬನ್ನಿ. ಬೆಳೆ ಕಾಯುವ ಮನೆಯಲ್ಲಿ ವರ್ಷಕ್ಕೆ ಎಷ್ಟು ತೋಟಾ ಹಾರುತ್ತವೆ? ಹತ್ತು? ಹದಿನೈದು? ಅದೂ ಬಹುಪಾಲು ಆಕಾಶಕ್ಕೆ. ಆ ಮುದುಕ ವಾರಕ್ಕೆ ಐವತ್ತು ಹಾರಿಸುತ್ತಾನೆ, ಅವನಿಗೆ ಪ್ರೆಸ್ಸಿನ ಖರ್ಚು ಮರಳುತ್ತದೆ. ದಿನಾ ಇಪ್ಪತ್ತು ಜನರ ಪಂಕ್ತಿ ಇದ್ದರೆ ರೊಟ್ಟಿ ಬಡಿಯುವ ಮಷಿನ್ನು ತರಬಹುದು. ಗಂಡ ಹೆಂಡತಿ ಇಬ್ಬರಿಗೆ ಯಾಕೆ?

.315ರ ಬಗ್ಗೆ ಒಂದು ಹಳೆಯ ಮಾತು. ಸೈನ್ಯದಲ್ಲಿ .303 ಇದ್ದ ಕಾಲದಲ್ಲಿ ಅದೇ ತೋಟಾ ಜನರ ಕೈಗೆ ಸಿಗಬಾರದು ಎಂದು ಬ್ರಿಟಿಷರು ನಾಗರಿಕರಿಗೆ ಬೇರೆ ಬೋರು, ಅಂದರೆ ನಳಿಗೆಯ ಬೇರೆ ಒಳ ಅಳತೆ, ಕೊಟ್ಟರು. ಆಸ್ಟ್ರಿಯಾದ ಮ್ಯಾನ್‌ಲಿಖರ್ ತೋಟಾದ ವಂಶದ ಈ .315 ಹಾಗೆ ನಮ್ಮಲ್ಲಿ ಉಳಿಯಿತು. .303 ಇವತ್ತಿಗೂ ನಿಷೇಧಿತ ಬೋರು. ಅದಕ್ಕೇ ನಿಮ್ಮ ರೈಫಲ್ಲಿನ ತೋಟಾ ಹೊರದೇಶದಲ್ಲಿ ಹುಡುಕಿದರೆ ಸುಲಭಕ್ಕೆ ಸಿಗುವುದಿಲ್ಲ, ಆ ಅಮೆರಿಕದ ವಿಡಿಯೊಗಳಲ್ಲೂ ಕಾಣುವುದಿಲ್ಲ. ನಮ್ಮ ಸರ್ಕಾರಿ ಕಾರ್ಖಾನೆಯದೇ ಗತಿ. ಪುಣೆಯ ಖಡಕಿಯ ಮದ್ದುಗುಂಡು ಕಾರ್ಖಾನೆ 1869ರದ್ದು. 2021ರ ಅಕ್ಟೋಬರಿನಿಂದ ಅದು ಮ್ಯೂನಿಷನ್ಸ್ ಇಂಡಿಯಾ ಕಂಪನಿಯ ಕೆಳಗಿದೆ. ಕೊಳ್ಳುವಾಗ ಪೆಟ್ಟಿಗೆಯ ಮೇಲಿನ ವರ್ಷ ನೋಡಿ, ಹೊಸದನ್ನೇ ಕೇಳಿ. ರೈಫಲ್ಲು ಇರುವುದು ಅಪ್ಪನ ಹೆಸರಿನಲ್ಲಿ, ನಿಮ್ಮ ಹೆಸರಿನಲ್ಲಲ್ಲ. ಅದೂ ನೆನಪಿರಲಿ.

ಪ್ರಶ್ನೆ: ಲೈಸೆನ್ಸು ಪುಸ್ತಕದಲ್ಲಿ ತೋಟಾಕ್ಕೆ ಎರಡು ಅಂಕಿ ಬರೆದಿದ್ದಾರೆ. ಯಾವುದು ಹಿಡಿಯಬೇಕು?
(ರೈತ, ಸವದತ್ತಿ)

ಉತ್ತರ: ಎರಡೂ. ಒಂದು, ಒಂದೇ ಸಲಕ್ಕೆ ಮನೆಯಲ್ಲಿ ಎಷ್ಟು ಇರಬಹುದು ಎಂಬುದು. ಇನ್ನೊಂದು, ವರ್ಷಕ್ಕೆ ಒಟ್ಟು ಎಷ್ಟು ಕೊಳ್ಳಬಹುದು ಎಂಬುದು. ಅಂಗಡಿಯವನು ಕೊಟ್ಟದ್ದನ್ನು ಪುಸ್ತಕದಲ್ಲಿ ಬರೆಸಿಯೇ ಹೊರಗೆ ಬನ್ನಿ. ಮತ್ತೆ, ಬೆಳೆ ಕಾಯುವ ಲೈಸೆನ್ಸು ಇದೆ ಎಂದು ಹಂದಿ ಹೊಡೆಯಬಹುದು ಅಂದುಕೊಳ್ಳಬೇಡಿ. ಅದಕ್ಕೆ ಅರಣ್ಯ ಇಲಾಖೆಯ ಅನುಮತಿ ಬೇರೆ.

ಪ್ರಶ್ನೆ: ಮಗಳಿಗೆ 17 ವರ್ಷ. ಏರ್ ರೈಫಲ್ ಮುಗಿಸಿ ಈಗ 50 ಮೀಟರಿನ .22 ರೈಫಲ್ಲಿಗೆ ಬಂದಿದ್ದಾಳೆ. ಕೋಚ್ ಇಂಗ್ಲೆಂಡಿನ ಎಲೀ ತೋಟಾ ಅನ್ನುತ್ತಾರೆ, ಅವಳ ಗೆಳತಿ ಲಾಪುವಾ ಅನ್ನುತ್ತಾಳೆ, ಇನ್ನೊಬ್ಬರು ಆರ್‌ಡಬ್ಲ್ಯೂಎಸ್. ಎಲ್ಲ ದುಬಾರಿ. ನಮ್ಮ ಮನೆಯವರು ‘ಇದನ್ನು ಮತ್ತೆ ತುಂಬಿಸಲು ಬರಲ್ವಾ’ ಎಂದು ಕೇಳುತ್ತಿದ್ದಾರೆ. ಯಾವುದು ಕೊಳ್ಳಲಿ?
(ತಾಯಿ, ಟಿಳಕವಾಡಿ, ಬೆಳಗಾವಿ)

ಉತ್ತರ: ಅವ್ವಾ, ನಿಮ್ಮ ಯಜಮಾನರಿಗೆ ಹೇಳಿ: ಇದು ಅಮೆರಿಕದಲ್ಲೂ ರೂಢಿಯಲ್ಲಿಲ್ಲ. ದೊಡ್ಡ ರೈಫಲ್ಲಿನ ತೋಟಾದಲ್ಲಿ ಕೇಪು ಬೇರೆ, ಬುಡದ ನಡುವೆ ಕೂರಿಸಿದ್ದು. ಹೊಡೆದ ಮೇಲೆ ತೆಗೆದು ಬೇರೆ ಹಾಕಬಹುದು. .22ರಲ್ಲಿ ಕೇಪೇ ಇಲ್ಲ. ಸಿಡಿಯುವ ರಾಸಾಯನಿಕವನ್ನು ಹಸಿಯಾಗಿ ಕೊಳವೆಯೊಳಗೆ ಹಾಕಿ ಗರಗರ ತಿರುಗಿಸುತ್ತಾರೆ. ಅದು ಬುಡದ ಅಂಚಿನ ಮಡಿಕೆಯೊಳಗೆ ಸುತ್ತಲೂ ಹೋಗಿ ಕೂರುತ್ತದೆ. ಪಿನ್ನು ಬಂದು ಆ ಅಂಚನ್ನು ಚಿವುಟುತ್ತದೆ, ಸಿಡಿಯುತ್ತದೆ. ಒಮ್ಮೆ ಜಜ್ಜಿದ ಅಂಚು ಜಜ್ಜಿದ್ದೇ. ಹಾಗಾಗಿ .22ರವರಿಗೆ ಕಾರ್ಖಾನೆ ಬಿಟ್ಟರೆ ದಾರಿ ಇಲ್ಲ, ಜಗತ್ತಿನ ದೊಡ್ಡ ದೊಡ್ಡ ಆಟಗಾರರಿಗೂ.

ಹಾಗಾದರೆ ಆಟಗಾರರ ಜಾಣತನ ಎಲ್ಲಿದೆ? ಲಾಟ್ ಆರಿಸುವುದರಲ್ಲಿ. ಲಾಟ್ ಅಂದರೆ ಕಾರ್ಖಾನೆಯಲ್ಲಿ ಒಂದೇ ಸಲಕ್ಕೆ ತಯಾರಾದ ಕಂತು.

ಪೆಟ್ಟಿಗೆಯ ಮೇಲೆ ಒಂದು ಲಾಟ್ ನಂಬರು ಇರುತ್ತದೆ. ಒಂದೇ ಕಾರ್ಖಾನೆ, ಒಂದೇ ಹೆಸರು, ಒಂದೇ ಬೆಲೆ. ಆದರೆ ಒಂದು ಲಾಟ್ ನಿಮ್ಮ ಮಗಳ ರೈಫಲ್ಲಿಗೆ ಒಗ್ಗುತ್ತದೆ, ಇನ್ನೊಂದು ಒಗ್ಗುವುದಿಲ್ಲ. ಗೆಳತಿಯ ರೈಫಲ್ಲಿಗೆ ಅದೇ ತಿರುಗುಮುರುಗು. ಯಾಕೆ ಅಂದರೆ ಪ್ರತಿ ನಳಿಗೆಯೂ ಕೂದಲೆಳೆಯಷ್ಟು ಬೇರೆ, ಗುಂಡು ಹೊರಡುವಾಗ ಅದು ನಡುಗುವ ರೀತಿಯೂ ಬೇರೆ. ಒಂದೇ ಹಿಟ್ಟಿನ ಚೀಲ ಒಬ್ಬರ ಕೈಯಲ್ಲಿ ಉಬ್ಬಿದ ರೊಟ್ಟಿ, ಇನ್ನೊಬ್ಬರ ಕೈಯಲ್ಲಿ ಹರಿದ ರೊಟ್ಟಿ ಆಗಲ್ವಾ, ಹಾಗೆ. ಲಾಪುವಾದವರು ಜರ್ಮನಿಯ ಶೋನೆಬೆಕ್‌ನಲ್ಲಿ ಇದಕ್ಕೆಂದೇ ಒಂದು ಪರೀಕ್ಷಾ ಕೇಂದ್ರ ಇಟ್ಟಿದ್ದಾರೆ. ಆಟಗಾರ ತನ್ನ ರೈಫಲ್ಲು ಹೊತ್ತುಕೊಂಡು ಹೋಗಬೇಕು, ಅಲ್ಲಿ ಅದನ್ನು ಹಿಡಿಕೆಗೆ ಬಿಗಿದು ಲಾಟ್ ಮೇಲೆ ಲಾಟ್ ಹಾರಿಸಿ ನೋಡುತ್ತಾರೆ.

ನೀವು ಜರ್ಮನಿಗೆ ಹೋಗಬೇಕಿಲ್ಲ. ರೈಫಲ್ ಅಸೋಸಿಯೇಶನ್ ಮೂಲಕ ತೋಟಾ ತರಿಸುವಾಗ ನಾಲ್ಕು ಕುಟುಂಬ ಸೇರಿ ಮೂರು ನಾಲ್ಕು ಲಾಟ್‌ನಿಂದ ಒಂದೊಂದು ಪೆಟ್ಟಿಗೆ ಮೊದಲು ಕೇಳಿ. ಹಂಚಿಕೆ, ಹಾರಿಸುವುದು ಎಲ್ಲ ರೇಂಜಿನಲ್ಲೇ, ಕೋಚ್ ಎದುರಿಗೇ, ಅವರ ರಿಜಿಸ್ಟರಿನ ಲೆಕ್ಕದಲ್ಲೇ ಆಗಲಿ. ಗಾಳಿ ಇಲ್ಲದ ಬೆಳಿಗ್ಗೆ ಆರಿಸಿಕೊಳ್ಳಿ. ಬೆಳಗಾವಿಯಲ್ಲಿ ಆಷಾಢ ಬಿಟ್ಟುಬಿಡಿ, ಆ ಗಾಳಿಯಲ್ಲಿ ಕೊಡೆಯೇ ನಿಲ್ಲುವುದಿಲ್ಲ. ರೈಫಲ್ಲನ್ನು ಮರಳಿನ ಚೀಲದ ಮೇಲೆ ಕೂರಿಸಿ, ಒಂದೊಂದು ಲಾಟ್‌ನಿಂದ ಹತ್ತು ಹತ್ತರ ಎರಡು ಗುಂಪು ಹೊಡೆಯಲಿ. ಒಂದು ತೋಟಾದಿಂದ ಇನ್ನೊಂದಕ್ಕೆ ಬದಲಾಯಿಸಿದಾಗ ಮೊದಲ ಎಂಟು ಹತ್ತು ಗುಂಡು ಲೆಕ್ಕಕ್ಕೆ ಬೇಡ. ಪ್ರತಿ ಕಾರ್ಖಾನೆಯ ಗುಂಡಿಗೂ ಸವರಿದ ಜಿಡ್ಡು ಬೇರೆ, ಒಂದರಲ್ಲಿ ಮೇಣ, ಇನ್ನೊಂದರಲ್ಲಿ ಎಣ್ಣೆ. ಹಳೆಯ ಜಿಡ್ಡು ಹೋಗಿ ಹೊಸದು ನಳಿಗೆಗೆ ಹಿಡಿಯಬೇಕು. ಇದನ್ನು ಬಿಟ್ಟು ಪರೀಕ್ಷೆ ಮಾಡಿ ‘ಆ ತೋಟಾ ಸರಿ ಇಲ್ಲ’ ಎಂದು ಊರೆಲ್ಲ ಹೇಳಿಕೊಂಡು ತಿರುಗುವವರನ್ನು ನಾನು ನೋಡಿದ್ದೇನೆ.

ಹತ್ತರ ಗುಂಪಿನಲ್ಲಿ ಒಂದು ಗುಂಡು ದೂರ ಹೋದರೆ ‘ಅದು ನನ್ನ ಕೈತಪ್ಪು’ ಎಂದು ಮಗಳು ಹೇಳಿಯಾಳು. ಇರಬಹುದು. ಎರಡನೇ ಗುಂಪಿನಲ್ಲೂ ಒಂದು ಓಡಿದರೆ ಅದು ಲಾಟ್‌ನದೇ ತಪ್ಪು. 50 ಮೀಟರಿನ ಕಾರ್ಡಿನಲ್ಲಿ ಹತ್ತರ ವೃತ್ತದ ಅಗಲ 10.4 ಮಿಲಿಮೀಟರ್, ಗುಂಡು 5.6. ಓಡಿಹೋಗುವ ಒಂದೊಂದು ಗುಂಡೂ 60 ಹೊಡೆತದ ಪಂದ್ಯದಲ್ಲಿ ಸ್ಥಾನ ಕಳೆಯುತ್ತದೆ. ನಮ್ಮ ಗಡಿಯಾಚೆಯ ಕೊಲ್ಹಾಪುರ ಜಿಲ್ಲೆಯ ರಾಧಾನಗರಿ ತಾಲೂಕಿನ ಸ್ವಪ್ನಿಲ್ ಕುಸಾಳೆ 2024ರಲ್ಲಿ ಪ್ಯಾರಿಸ್ಸಿನಲ್ಲಿ ಕಂಚು ತಂದದ್ದು ಇದೇ 50 ಮೀಟರಿನ ಮೂರು ಭಂಗಿಯ ಆಟದಲ್ಲಿ. ಅರ್ಹತೆಯ ಸುತ್ತಿನಲ್ಲಿ 600ಕ್ಕೆ 590 ಬಂದಿತ್ತು, ಸ್ಥಾನ ಏಳನೆಯದು. ಎಂಟು ಜನರಿಗೆ ಮಾತ್ರ ಫೈನಲ್ಲು. ಎಷ್ಟು ಸಣ್ಣ ಅಂತರದ ಆಟ ನೋಡಿ.

ಇಷ್ಟಾದರೂ ನನ್ನ ಅಭಿಪ್ರಾಯ ಕೇಳಿದರೆ, ಮೊದಲ ವರ್ಷ ತೀರಾ ದುಬಾರಿಯದು ಬೇಡ. ಅದೇ ಕಾರ್ಖಾನೆಗಳ ನಡುಮಟ್ಟದ ತೋಟಾ ಸಾಕು. ಅವಳ ಕೈ ತೋಟಾಕ್ಕಿಂತ ಚೆನ್ನಾಗಿ ಹೊಡೆಯಲು ಶುರು ಮಾಡಿದ ದಿನ ಕೋಚಿಗೇ ಗೊತ್ತಾಗುತ್ತದೆ. ಒಗ್ಗುವ ಲಾಟ್ ಸಿಕ್ಕರೆ ಮಾತ್ರ ಕೈಲಾದಷ್ಟು ಒಟ್ಟಿಗೆ ಬುಕ್ ಮಾಡಿ, ಆ ನಂಬರು ಮುಗಿದರೆ ಮತ್ತೆ ಬರುವುದಿಲ್ಲ. ತೋಟಾಗಳನ್ನು ಒಂದೊಂದಾಗಿ ತಕ್ಕಡಿಗೆ ಹಾಕಿ ಬೇರೆ ಮಾಡುವ ತಂದೆಯರೂ ಇದ್ದಾರೆ. ನನಗೇನೋ ಅದರಿಂದ ದೊಡ್ಡ ಲಾಭ ಕಂಡಿಲ್ಲ. ಆ ಹೊತ್ತಿನಲ್ಲಿ ಹುಡುಗಿ ಖಾಲಿ ರೈಫಲ್ಲಿನಿಂದ ಕುದುರೆ ಒತ್ತುವುದು ಅಭ್ಯಾಸ ಮಾಡಿದರೆ ಪಾಯಿಂಟು ಏರುತ್ತದೆ. ಅದಕ್ಕೂ ಒಂದು ಎಚ್ಚರ: .22ರಲ್ಲಿ ಸುಮ್ನೆ ಖಾಲಿ ಒತ್ತಿದರೆ ಪಿನ್ನು ನಳಿಗೆಯ ಅಂಚಿಗೇ ಬಡಿದು ಜಜ್ಜುತ್ತದೆ. ಪಂದ್ಯದ ಕೆಲವು ರೈಫಲ್ಲುಗಳಲ್ಲಿ ಹೀಗೆ ಖಾಲಿ ಒತ್ತಲೆಂದೇ ಡ್ರೈ ಫೈರ್ ಗುಂಡಿ ಇರುತ್ತದೆ. ಇದ್ದರೆ ಅದನ್ನು ಹಾಕಿಕೊಂಡೇ ಒತ್ತಲಿ, ಇಲ್ಲದಿದ್ದರೆ ಕೋಚನ್ನು ಕೇಳಿಯೇ ಒತ್ತಲಿ.

(ನಡುವೆ ಒಂದು ನಿಮಿಷ. ಮನೆಯಾಕೆ ಬದನೆಯ ಪತ್ರಗಳನ್ನು ಮುಗಿಸಿ ಕೂತಿದ್ದಾಳೆ. ಅವಳ ಉತ್ತರ: ಬಾಡಿದ ಕುಡಿಯಲ್ಲಿ ಹುಳ ಇರುತ್ತದೆ, ಕುಡಿ ಚಿವುಟಿ ಸುಟ್ಟುಹಾಕಿ, ಅಲ್ಲೇ ಗಿಡದ ಬುಡಕ್ಕೆ ಎಸೆಯಬೇಡಿ. ಮೆಂತ್ಯದವರಿಗೆ ಬೇರೆ ಕಾಗದ ಬರೆಯುತ್ತಾಳಂತೆ.)

ಪ್ರಶ್ನೆ: ಮಾವನವರು ತೀರಿಕೊಂಡಾಗ ಬಂದೂಕನ್ನು ಠಾಣೆಗೆ ಕೊಟ್ಟಿದ್ದೆವು. ಈಗ ಟ್ರಂಕು ತೆಗೆದರೆ ಧೋತರದ ಕೆಳಗೆ 14 ತೋಟಾ ಸಿಕ್ಕಿವೆ. ಕೆಲವು ಕಾಗದದ ಮೈಯವು, ಊದಿಕೊಂಡಿವೆ. ಕೆಲವಕ್ಕೆ ಹಸಿರು ಹಿಡಿದಿದೆ. ಕೆಲವು ಅವರೇ ತುಂಬಿದ್ದು ಎಂದು ಅತ್ತೆ ಹೇಳುತ್ತಾರೆ. ಮೈದುನ ಬಾವಿಗೆ ಹಾಕೋಣ ಅನ್ನುತ್ತಾನೆ.
(ಹೆಸರು ಬೇಡ, ವಿಜಯಪುರ)

ಉತ್ತರ: ಬಾವಿಗೆ ಬೇಡ ತಂಗಿ. ಒಲೆಗೆ ಬೇಡ, ಹುಗಿಯೋದೂ ಬೇಡ, ಗುಜರಿಯವನಿಗೂ ಬೇಡ. ಒಲೆಗೆ ಬಿದ್ದ ತೋಟಾದಿಂದ ಗುಂಡು ಬಂದೂಕಿನಷ್ಟು ಜೋರಾಗಿ ಹಾರದಿದ್ದರೂ ಹಿತ್ತಾಳೆಯ ಚೂರು ಹಾರುತ್ತದೆ. ಕಣ್ಣಿಗೆ ಅಷ್ಟು ಸಾಕು.

ಹೆದರಬೇಡಿ, ಸುಮ್ಮನೆ ಬಿದ್ದ ತೋಟಾ ತಾನಾಗಿ ಸಿಡಿಯುವುದಿಲ್ಲ. ತಿಕ್ಕಿ ಹೊಳಪು ಮಾಡಲು ಹೋಗಬೇಡಿ, ಬುಡಕ್ಕೆ ಏನೂ ಬಡಿಯದಿರಲಿ. ಒಂದು ರಟ್ಟಿನ ಡಬ್ಬಿಯಲ್ಲಿ ಬಟ್ಟೆ ಹಾಸಿ, ಮಲಗಿಸಿ ಇಟ್ಟು, ಮಕ್ಕಳ ಕೈಗೆ ಸಿಗದ ಕಡೆ ಬೀಗ ಹಾಕಿ. ಆಮೇಲೆ ನೀವೇ ಚೀಲದಲ್ಲಿ ಹೊತ್ತು ಠಾಣೆಗೆ ಹೋಗಬೇಡಿ. ದಾರಿಯಲ್ಲಿ ಯಾರಾದರೂ ತಡೆದರೆ ವಿವರಿಸುವುದು ಕಷ್ಟ. ಮೊದಲು ಠಾಣೆಗೆ ಫೋನು ಮಾಡಿ, ಇಂಥ ದಿನ ಸಿಕ್ಕಿತು, ಇಷ್ಟು ಇವೆ, ಮಾವನವರ ಲೈಸೆನ್ಸು ನಂಬರು ಇದು ಎಂದು ಹೇಳಿ. ಒಂದು ಅರ್ಜಿಯೂ ಬರೆಯಿರಿ, ಬಂದೂಕು ಒಪ್ಪಿಸಿದ ರಸೀದಿಯ ನಕಲು ಲಗತ್ತಿಸಿ. ಲೈಸೆನ್ಸುದಾರ ಇಲ್ಲವಾದ ಮೇಲೆ ಉಳಿದ ತೋಟಾವನ್ನು ತಡಮಾಡದೆ ಠಾಣೆಗೆ ಅಥವಾ ಲೈಸೆನ್ಸು ಇರುವ ಡೀಲರಿಗೆ ಒಪ್ಪಿಸಬೇಕು ಎಂದು ಕಾಯ್ದೆಯ 21ನೇ ಸೆಕ್ಷನ್ನು ಹೇಳುತ್ತದೆ. ಎಂಟು ದಿನ ಯೋಚನೆ ಮಾಡುತ್ತ ಕೂರಬೇಡಿ. ‘ಅವರೇ ತುಂಬಿದ್ದು’ ಎಂಬುದನ್ನೂ ಮುಚ್ಚಿಡದೆ ಹೇಳಿ. ಒಳಗೆ ಏನಿದೆ ಎಂದು ಗೊತ್ತಿಲ್ಲದ ತೋಟಾವನ್ನು ಕಾರ್ಖಾನೆಯದು ಎಂದು ಎತ್ತಿಕೊಂಡರೆ ಅಲ್ಲಿನ ಪೇದೆಗೆ ಅಪಾಯ. ಒಪ್ಪಿಸಿದ್ದಕ್ಕೆ ಸಹಿ, ಮೊಹರು ಇರುವ ಕಾಗದ ಪಡೆದೇ ಬನ್ನಿ.

ಆ ಹಸಿರು ಎಂದರೆ ಕಿಲುಬು, ತಾಮ್ರದ ತಂಬಿಗೆಗೆ ಹಿಡಿಯುತ್ತದಲ್ಲ ಅದೇ. ಹಿತ್ತಾಳೆಯನ್ನು ತಿಂದು ತೆಳ್ಳಗೆ ಮಾಡುತ್ತದೆ. ವಿಜಯಪುರದ ಒಣ ಹವೆಯಲ್ಲೂ ಕಿಲುಬು ಹಿಡಿದಿದೆ ಅಂದರೆ ಬಹಳ ಹಳೆಯವು ಇರಬೇಕು, ಅಥವಾ ಚರ್ಮದ ಪಟ್ಟಿಯಲ್ಲಿ ಇಟ್ಟಿದ್ದರೋ ಏನೋ. ಚರ್ಮದಲ್ಲಿ ಹದ ಮಾಡಿದ ಹುಳಿ ಇರುತ್ತದೆ, ಹಿತ್ತಾಳೆಗೆ ಅದು ಆಗುವುದಿಲ್ಲ.

ಪ್ರಶ್ನೆ: ತೋಟಾ ಫ್ರಿಜ್ಜಿನಲ್ಲಿ ಇಟ್ಟರೆ ಹೆಚ್ಚು ದಿನ ಬಾಳುತ್ತದೆಯೇ?
(ಗೋಕಾಕ)

ಉತ್ತರ: ಕರದಂಟಿನ ಊರಿನವರು ಎಲ್ಲವನ್ನೂ ಕೆಡದಂತೆ ಇಡಲು ನೋಡುತ್ತೀರಿ! ಫ್ರಿಜ್ಜು ಬೇಡ. ಹೊರಗೆ ತೆಗೆದಾಗ ನೀರಿನ ಬೆವರು ಕೂರುತ್ತದೆ. ಮದ್ದಿಗೆ ಬಿಸಿಯೂ ಆಗದು, ತೇವವೂ ಆಗದು. ಖಾನಾಪುರದ ಕಡೆಯವರಿಗೆ ಶತ್ರು ಮಳೆ, ವಿಜಯಪುರದವರಿಗೆ ಮೇ ತಿಂಗಳು. 41 ಡಿಗ್ರಿಯ ದಿನ ತಗಡಿನ ಮಾಡಿನ ಕೆಳಗಿನ ಅಟ್ಟ, ನಿಲ್ಲಿಸಿದ ಜೀಪಿನ ಡ್ಯಾಷ್‌ಬೋರ್ಡು, ಇವೆರಡು ಬಿಡಿ. ಬಿಸಿಯೇರಿದ ತೋಟಾ ಹಾರಿಸಿದರೆ ಒತ್ತಡವೂ ಏರುತ್ತದೆ. ನೆಲಮಾಳಿಗೆ ಇಲ್ಲದವರು ನಡುಮನೆಯ ಕಲ್ಲುಗೋಡೆಯ ಕಪಾಟಿನ ಕೆಳಗಿನ ಖಾನೆ, ಬೀಗ ಹಾಕಿ.

ಪ್ರಶ್ನೆ: ಮಾನ್ಯರೇ, ತಾವು ಯಾವಾಗಲೂ ಕಾರ್ಖಾನೆಯ ಪರ. ಕೈಯಿಂದ ಮದ್ದು ತುಂಬುವುದು ನಮ್ಮ ನೆಲದ ವಿದ್ಯೆ. ಹಲಗಲಿಯ ಬೇಡರು ಕಂಪನಿ ತೋಟಾ ಕೊಂಡಿದ್ದರೇ?
(ನಿವೃತ್ತ ಶಿಕ್ಷಕ, ಜಮಖಂಡಿ)

ಉತ್ತರ: ಗುರುಗಳೇ, ಒಳ್ಳೆಯ ಏಟು ಕೊಟ್ಟಿರಿ. ‘ಕಂಪನಿ ತೋಟಾ’ ಅಂದಿರಿ, ಅದರಲ್ಲೇ ಎರಡು ಅರ್ಥ ಇದೆ. 1857ರಲ್ಲಿ ಸಿಪಾಯಿಗಳ ಸಿಟ್ಟಿಗೆ ಬೆಂಕಿ ಹಚ್ಚಿದ್ದು ಕಂಪನಿ ಸರ್ಕಾರದ ಕಾಗದದ ತೋಟಾನೇ. ಅದರ ತುದಿಯನ್ನು ಹಲ್ಲಿನಿಂದ ಕಚ್ಚಿ ಹರಿದು, ಮದ್ದನ್ನು ನಳಿಗೆಗೆ ಸುರಿದು, ಗುಂಡು ಇಳಿಸಬೇಕಿತ್ತು. ಸವರಿದ ಕೊಬ್ಬು ದನದ್ದು, ಹಂದಿಯದು ಎಂಬ ಮಾತು ಹಬ್ಬಿತು. ಅದೇ ವರ್ಷದ ನವೆಂಬರಿನಲ್ಲಿ ಹಲಗಲಿಯವರು ಎದ್ದು ನಿಂತದ್ದು ಆಯುಧ ಒಪ್ಪಿಸಬೇಕೆಂಬ ಹುಕುಮಿನ ವಿರುದ್ಧ. ಅವರ ಜಗಳ ಇದ್ದದ್ದು ಆಯುಧ ಯಾರ ಕೈಯಲ್ಲಿ ಇರಬೇಕು ಎಂಬುದರ ಮೇಲೆ, ಮದ್ದು ಯಾರು ತುಂಬಬೇಕು ಎಂಬುದರ ಮೇಲಲ್ಲ.

ಆದರೆ ನಿಮ್ಮ ಮಾತಿನಲ್ಲಿ ಸುಳ್ಳಿಲ್ಲ. ತೋಟಾ ಎಂಬುದೇ ಇಲ್ಲದ ಕಾಲದಲ್ಲಿ ಎಲ್ಲವೂ ಕೈತುಂಬುವಿಕೆಯೇ. ವಿಜಯಪುರದ ಶೇರ್ಜಾ ಬುರುಜಿನ ಮೇಲಿನ ಮಲಿಕ್-ಎ-ಮೈದಾನ್ ತೋಪು ನೋಡಿ. 1549ರಲ್ಲಿ ಅಹಮದನಗರದಲ್ಲಿ ಎರಕ ಹೊಯ್ದದ್ದು, ತೂಕ 55 ಟನ್. ಅದಕ್ಕೂ ಮದ್ದು ತುಂಬಿದ್ದು ಮನುಷ್ಯರ ಕೈಗಳೇ. ಬತ್ತಿ ಹಚ್ಚಿದವನು ಕಿವಿ ಉಳಿಸಿಕೊಳ್ಳಲು ಪಕ್ಕದ ನೀರಿನ ತೊಟ್ಟಿಗೆ ಹಾರುತ್ತಿದ್ದ ಎಂದು ಅಲ್ಲಿ ಗೈಡುಗಳು ಹೇಳುತ್ತಾರೆ. ಕೈಯಾರೆ ತುಂಬಿದವನಿಗೇ ತನ್ನ ತುಂಬಿದ್ದರ ಮೇಲೆ ಎಷ್ಟು ನಂಬಿಕೆ ಇತ್ತು ನೋಡಿ! 1854ರಲ್ಲಿ ಬ್ರಿಟಿಷರು ಅದನ್ನು ಗುಜರಿಗೆ ಹರಾಜು ಹಾಕಿದಾಗ 150 ರೂಪಾಯಿಗೆ ಹೋಗಿತ್ತು, ಆಮೇಲೆ ಹರಾಜು ರದ್ದಾಯಿತು. ಉಳಿಯಿತು, ನಮ್ಮ ಪುಣ್ಯ.

ನಾನು ಕಾರ್ಖಾನೆಯ ಪರ ಎಂಬುದು ಪೂರ್ತಿ ನಿಜವಲ್ಲ. ಆ ಅಮೆರಿಕದ ಮುದುಕನ ನೋಟ್‌ಬುಕ್ಕಿನ ಮೇಲೆ ನನಗೆ ಈಗಲೂ ಹೊಟ್ಟೆಕಿಚ್ಚು ಇದೆ. ಆ ನೋಟ್‌ಬುಕ್ಕನ್ನು ಇಡಲು ಪ್ರೆಸ್ಸು ಬೇಕಿಲ್ಲ, ಕೊಂಡ ತೋಟಾಕ್ಕೂ ಇಡಬಹುದು ಎನ್ನುವುದಷ್ಟೇ ನನ್ನ ವಾದ. ನಮ್ಮಲ್ಲಿ ಪೆಟ್ಟಿಗೆಯ ಲಾಟ್ ನಂಬರು ಬರೆದಿಡುವ ರೈತನನ್ನು ನಾನು ಇನ್ನೂ ಕಂಡಿಲ್ಲ. ಕಂಡರೆ ನಾನೇ ಅವರ ಊರಿಗೆ ಹೋಗಿ ಚಹಾ ಕುಡಿಸಿ ಬರುತ್ತೇನೆ.

ಪ್ರಶ್ನೆ: ಹೋದ ವಾರ ನಮ್ಮ ಬಂದೂಕಿನಲ್ಲಿ ಒಂದು ತೋಟಾ ಹಾರಲಿಲ್ಲ, ‘ಟಕ್’ ಅಂದಿತು ಅಷ್ಟೇ. ಅದನ್ನು ತೆಗೆದು ಹಾಕಿದ ಇನ್ನೊಂದು ‘ಟುಸ್’ ಎಂದಿತು. ಮೂರನೆಯದು ಹಾಕೋಣ ಎನ್ನುವಷ್ಟರಲ್ಲಿ ಅಣ್ಣ ಬೈದು ನಿಲ್ಲಿಸಿದ. ಹೆದರುಪುಕ್ಕಲ ಎಂದು ನಾನೂ ಬೈದೆ.
(ಖಾನಾಪುರ)

ಉತ್ತರ: ಅಣ್ಣನ ಕಾಲು ಮುಟ್ಟಿ ನಮಸ್ಕಾರ ಮಾಡಿ.

‘ಟಕ್’ ಎಂದು ಸುಮ್ಮನಾದ ತೋಟಾ ಒಮ್ಮೊಮ್ಮೆ ತಡವಾಗಿ ಹಾರುತ್ತದೆ. ಕೇಪು ಒಳಗೊಳಗೇ ಉರಿದು ಮದ್ದಿಗೆ ಹತ್ತಲು ಕ್ಷಣ ಹೊತ್ತು ತೆಗೆದುಕೊಳ್ಳುತ್ತದೆ. ಆಗ ಬಾಯಿಯನ್ನು ಗುರಿಯ ಕಡೆಗೇ ಹಿಡಿದು, ಮುಖ ದೂರ ಇಟ್ಟು, 30 ಸೆಕೆಂಡು ಎಣಿಸಬೇಕು. ಅವಸರಪಟ್ಟು ತೆಗೆದರೆ ಕೈಯಲ್ಲೇ ಹಾರೀತು. ‘ಟುಸ್’ ಎಂದದ್ದು ಇನ್ನೂ ಕೆಟ್ಟದ್ದು. ಮದ್ದಿನ ಬಲ ಸಾಲದೆ ಗುಂಡೋ, ತೋಟಾದೊಳಗಿನ ಬೆಂಡೋ ನಳಿಗೆಯ ನಡುವೆ ಸಿಕ್ಕಿಕೊಂಡಿರಬಹುದು. ಅದರ ಹಿಂದೆ ಮೂರನೆಯದು ಹಾರಿಸಿದ್ದರೆ ನಳಿಗೆ ಬಾಳೆಹಣ್ಣಿನ ಸಿಪ್ಪೆಯಂತೆ ಸುಲಿಯುತ್ತಿತ್ತು. ಈಗ ಆ ಬಂದೂಕು ಹಾರಿಸಬೇಡಿ. ಒಳಗೆ ಕೋಲು ತೂರಿಸಿ ಬಡಿಯುವುದೂ ಬೇಡ. ಲೈಸೆನ್ಸು ಪುಸ್ತಕದ ಸಮೇತ ಬೆಳಗಾವಿಯ ಡೀಲರ ಹತ್ತಿರ ಒಯ್ದು ನಳಿಗೆ ನೋಡಿಸಿ. ಹಾರದ ಆ ‘ಟಕ್’ ತೋಟಾವನ್ನು ಬೇರೆ ಡಬ್ಬಿಯಲ್ಲಿ ಒಯ್ಯಿರಿ, ಪೆಟ್ಟಿಗೆಯೂ ಜೊತೆಗಿರಲಿ. ಆ ಪೆಟ್ಟಿಗೆಯಲ್ಲಿ ಉಳಿದವನ್ನು ಯಾರೂ ಹಾರಿಸುವುದು ಬೇಡ. ಎರಡು ಸಾಲಾಗಿ ಕೈಕೊಟ್ಟಿವೆ ಅಂದರೆ ನಿಮ್ಮ ಖಾನಾಪುರದ ಮಳೆ ಪೂರ್ತಿ ಪೆಟ್ಟಿಗೆಗೇ ಇಳಿದಿರಬೇಕು. ಹೋದ ಮಳೆಗಾಲದಲ್ಲಿ ಅದನ್ನು ಎಲ್ಲಿ ಇಟ್ಟಿದ್ದಿರಿ ಎಂದು ಮುಂದಿನ ಪತ್ರದಲ್ಲಿ ಬರೆಯಿರಿ.